ಶಾಸನವನ್ನು ಜನರ ಕಡೆಯಿಂದ ಓದಿದ ಮೇಷ್ಟ್ರು

ಮೈಸೂರು ರಸ್ತೆಯಲ್ಲಿ ಕೆಂಗೇರಿಗೆ ಮೊದಲೇ ಸಿಗುವ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ಎಂ. ಚಿದಾನಂದಮೂರ್ತಿ ಬಹುಕಾಲ ಪಾಠ ಹೇಳಿದರು. ಹುದ್ದೆ ಕನ್ನಡ ಪ್ರಾಧ್ಯಾಪಕರದು, ಮಾಡಿದ್ದು ಇತಿಹಾಸಕಾರನ ಕೆಲಸ. ಕನ್ನಡ ನಾಡಿನಲ್ಲಿ ದೇವರು, ದೊರೆ, ಭೂಮಿ ಈ ಮೂರೂ ಹೇಗೆ ಹೆಣೆದುಕೊಂಡಿದ್ದವು ಎಂಬುದನ್ನು ಅವರಷ್ಟು ಹತ್ತಿರದಿಂದ ನೋಡಿದವರು ಕಡಿಮೆ. ಬೆಂಗಳೂರಿನ ಓದುಗರಿಗೆ ಅವರು ಬರೀ 'ಚಿಮೂ'.

1931ರಲ್ಲಿ ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರಿನಲ್ಲಿ ಹುಟ್ಟಿದ ಅವರು ಮೈಸೂರು ವಿಶ್ವವಿದ್ಯಾಲಯದಲ್ಲಿ ತೀ.ನಂ. ಶ್ರೀಕಂಠಯ್ಯನವರ ಮಾರ್ಗದರ್ಶನದಲ್ಲಿ ಸಂಶೋಧನೆಗೆ ಕೂತರು. ಅದರ ಫಲವಾಗಿ 1966ರಲ್ಲಿ ಬಂದದ್ದು 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'. ಕ್ರಿ.ಶ. 450ರಿಂದ 1150ರವರೆಗಿನ ಏಳು ಶತಮಾನ ಅದರ ಹರವು. ಅಲ್ಲಿಯವರೆಗೆ ಶಾಸನವೆಂದರೆ ಬಹುಮಟ್ಟಿಗೆ ರಾಜವಂಶಗಳ ಪಟ್ಟಿ ತಯಾರಿಸುವ ಸಾಮಗ್ರಿಯಾಗಿತ್ತು. ಯಾವ ದೊರೆ ಯಾವಾಗ ಪಟ್ಟಕ್ಕೆ ಬಂದ ಎಂಬಲ್ಲಿಗೆ ಓದು ಮುಗಿಯುತ್ತಿತ್ತು. ಚಿಮೂ ಅದೇ ಸಾಲುಗಳನ್ನು ಕೆಳಗಿನಿಂದ ಓದಿದರು. ದತ್ತಿ ಯಾರಿಗೆ ಹೋಯಿತು, ಕಾಯುವ ಹೊಣೆ ಯಾರದು, ಒಡೆಯ ಸತ್ತಾಗ ಜೊತೆಗೆ ಸಾಯುತ್ತೇವೆಂದು ಭಾಷೆ ಕೊಟ್ಟ ವೇಳೆವಾಳಿಯ ಆಳುಗಳು ಯಾರು, ಉಪವಾಸದಿಂದ ದೇಹ ಬಿಡುವ ಸಲ್ಲೇಖನ ವ್ರತ ಕೈಗೊಂಡವರು ಯಾರು ಎಂದು ಕೇಳಿದರು.

ಕ್ರಿ.ಶ. 949–50ರ ಆತಕೂರು ಕಲ್ಲನ್ನೇ ನೋಡಿ. ಮದ್ದೂರು ಸೀಮೆಯಿಂದ ಬಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನ ಬಂಟ ಮಣಲೇರ ಯುದ್ಧ ಗೆದ್ದ ಒಡೆಯರಿಂದ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆಯುತ್ತಾನೆ. ಅದು ಹಂದಿಯೊಡನೆ ಸೆಣಸಿ ಹಂದಿಯನ್ನೂ ಕೊಂದು ತಾನೂ ಸಾಯುತ್ತದೆ. ಇಷ್ಟನ್ನು ಶಾಲೆಯ ಮಕ್ಕಳೂ ಹೇಳುತ್ತಾರೆ. ಆದರೆ ಕಲ್ಲು ಇನ್ನೂ ಮುಂದಕ್ಕೆ ಹೋಗುತ್ತದೆ: ಚೆಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿ ಬಿಟ್ಟು, ಆ ಭೂಮಿಯನ್ನು ನೋಡಿಕೊಳ್ಳುವ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪವನ್ನೆಲ್ಲ ಹೊರಬೇಕೆಂದು ಕಟ್ಟುಮಾಡುತ್ತದೆ. ಯುದ್ಧ ಗೆದ್ದವರ ಕೃಪೆ, ಶೈವ ಅರ್ಚಕನ ಅನ್ನ, ಹೊಲದ ಹುಟ್ಟುವಳಿ ಎಲ್ಲ ಒಂದೇ ಕಟ್ಟಿನೊಳಗೆ.

ಅವರ ಪ್ರಬಂಧದ ಕಾಲಮಿತಿಯ ಆಚೆಗಿನ ಒಂದು ಶಾಸನಕ್ಕೂ ಈ ಓದು ಚೆನ್ನಾಗಿ ಒಪ್ಪುತ್ತದೆ. ರಾಜಾಜಿನಗರದ ಪಕ್ಕದಲ್ಲೇ ಹೊರಡುವ ಮಾಗಡಿ ರಸ್ತೆಯಲ್ಲಿ ಮುಂದೆ ಹೋದರೆ ಕಲ್ಯ ಎಂಬ ಊರಿದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿ, ಜೈನರು ವಿಜಯನಗರದ ಬುಕ್ಕರಾಯನಿಗೆ ದೂರು ಕೊಟ್ಟರು. ತೀರ್ಪಿನ ಶಾಸನ ಶ್ರವಣಬೆಳಗೊಳದಲ್ಲೂ ಇದೆ, ಕಲ್ಯದಲ್ಲೂ ಇದೆ. ರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಎರಡು ದರ್ಶನಗಳಿಗೂ ಭೇದವಿಲ್ಲ ಎಂದ. ಈ ಮಾತನ್ನು ನಾವು ಭಾಷಣಗಳಲ್ಲಿ ಬೇಕಾದಷ್ಟು ಕೇಳಿದ್ದೇವೆ. ನನಗೆ ಮುಖ್ಯವಾಗಿ ಕಾಣುವುದು ಅದರ ಮುಂದಿನ ವ್ಯವಸ್ಥೆ. ಜೈನರು ಮನೆಗೆ ವರ್ಷಕ್ಕೆ ಒಂದು ಹಣ ಕೊಡಬೇಕು. ಆ ದುಡ್ಡಿನಲ್ಲಿ ಶ್ರೀವೈಷ್ಣವರ ಕಡೆಯ ತಿರುಮಲೆಯ ತಾತಯ್ಯ ಬೆಳಗೊಳದ ದೇವರಿಗೆ ಇಪ್ಪತ್ತು ಕಾವಲಾಳುಗಳನ್ನು ಇಡಬೇಕು. ಉಳಿದದ್ದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ರಕ್ಷಣೆ ಸಿಕ್ಕಿತು, ಖರ್ಚು ಕೇಳಿದವರ ಮೇಲೆಯೇ ಬಿತ್ತು, ಉಸ್ತುವಾರಿ ಎದುರು ಪಕ್ಷದ ಕೈಯಲ್ಲಿ ಉಳಿಯಿತು. ಒಪ್ಪಂದಕ್ಕೆ ಸೇರಿದವರ ಸಾಲಿನಲ್ಲಿ ಅಸ್ಪೃಶ್ಯರೆನಿಸಿದ ತಿರುಕುಲ, ಜಾಂಬವಕುಲಗಳ ಹೆಸರುಗಳೂ ಇವೆ. ಮಧ್ಯಕಾಲೀನ ಕನ್ನಡ ಸಾಹಿತ್ಯ ಮತ್ತು ಅಸ್ಪೃಶ್ಯತೆಯ ಬಗ್ಗೆ ಒಂದು ಪುಸ್ತಕವನ್ನೇ ಬರೆದ ಚಿಮೂ ಅವರ ಓದುಗನಿಗೆ ಈ ಹೆಸರುಗಳು ಕಣ್ತಪ್ಪುವುದಿಲ್ಲ.

ಪ್ರಶಸ್ತಿಗಳು ಬಂದವು: 1997ರಲ್ಲಿ 'ಹೊಸತು ಹೊಸತು' ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ, 2002ರಲ್ಲಿ ಪಂಪ. ಅವರು ತರಗತಿಯಲ್ಲೇ ಉಳಿದವರೂ ಅಲ್ಲ. ಹಂಪಿಯ ಸ್ಮಾರಕಗಳಿಗಾಗಿ, ಕನ್ನಡದ ಶಾಸ್ತ್ರೀಯ ಸ್ಥಾನಮಾನಕ್ಕಾಗಿ ಬೀದಿಗಿಳಿದರು. ಟಿಪ್ಪು ಬಗ್ಗೆ, ಮತಾಂತರದ ಬಗ್ಗೆ ಅವರಾಡಿದ ಮಾತುಗಳು ದೊಡ್ಡ ವಿವಾದವಾದವು. ಶಾಸನದ ಮುಂದೆ ಅವರಿಗಿದ್ದ ತಾಳ್ಮೆ ಆ ಮಾತುಗಳಲ್ಲಿ ನನಗೆ ಕಾಣಲಿಲ್ಲ. ಅವರನ್ನು ಗೌರವಿಸುವವನಾಗಿಯೇ ಇದನ್ನು ಹೇಳುತ್ತಿದ್ದೇನೆ.

ಅವರ ಕೊನೆಯ ದೊಡ್ಡ ವಾದ ಲಿಂಗಾಯತ ಧರ್ಮದ್ದು. ವೀರಶೈವ, ಲಿಂಗಾಯತ ಎರಡೂ ಒಂದೇ, ಹಿಂದೂ ಧರ್ಮದ ಭಾಗ ಎಂದು ಅವರು ಪಟ್ಟುಹಿಡಿದರು. ಲಿಂಗಾಯತ ಸ್ವತಂತ್ರ ಧರ್ಮ ಎಂದವರು ಧಾರವಾಡದ ಎಂ.ಎಂ. ಕಲಬುರ್ಗಿ. ಅವರನ್ನು 2015ರ ಆಗಸ್ಟ್ 30ರಂದು ಮನೆಬಾಗಿಲಲ್ಲೇ ಗುಂಡಿಕ್ಕಿ ಕೊಂದರು. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಧರ್ಮದ ಮಾನ್ಯತೆಗೆ ಕೇಂದ್ರಕ್ಕೆ ಶಿಫಾರಸು ಮಾಡಲು ತೀರ್ಮಾನಿಸಿದಾಗ ಚಿಮೂ ತಮ್ಮ ವಿರೋಧ ಬಿಡಲಿಲ್ಲ. 2020ರ ಜನವರಿ 11ರಂದು ಅವರೂ ತೀರಿಕೊಂಡರು. ಇಬ್ಬರೂ ಕನ್ನಡದ ಮೇಷ್ಟ್ರುಗಳೇ. ಇಬ್ಬರ ಆಧಾರವೂ ವಚನ ಮತ್ತು ಶಾಸನ. ಹೊಸದಾಗಿ ಓದಲು ತೊಡಗುವವರು ಚಿಮೂ ಅವರ 'ಲಿಂಗಾಯತ ಅಧ್ಯಯನಗಳು' ಮತ್ತು ಕಲಬುರ್ಗಿಯವರ 'ಮಾರ್ಗ' ಸಂಪುಟಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಇಬ್ಬರೂ ಎಲ್ಲಿ ಆಧಾರ ಕೊಡುತ್ತಾರೆ, ಎಲ್ಲಿ ಬರೀ ವಾದ ಹೂಡುತ್ತಾರೆ ಎಂದು ಪುಟದ ಅಂಚಿನಲ್ಲಿ ಗುರುತು ಹಾಕುತ್ತಾ ಹೋಗಲಿ.