ಇಂಗ್ಲಿಷಿನ ತರತಮ ರೂಪಗಳು ಮತ್ತು ಕನ್ನಡ ವಿದ್ಯಾರ್ಥಿ

ಕನ್ನಡ ಮಾತೃಭಾಷೆಯ ವಿದ್ಯಾರ್ಥಿಗಳ ಇಂಗ್ಲಿಷ್ ಬರವಣಿಗೆಯಲ್ಲಿ ಎರಡು ತಪ್ಪುಗಳು ಮತ್ತೆ ಮತ್ತೆ ಕಂಡುಬರುತ್ತವೆ. ‘ಕೃಷ್ಣಾ ಈಸ್ ಲಾಂಗ್ ದ್ಯಾನ್ ಕಾವೇರಿ’ ಎಂಬಂಥದು ಒಂದು. ‘ಮೋರ್ ಲಾಂಗರ್’ ಎಂಬಂಥದು ಇನ್ನೊಂದು. ಇವನ್ನು ಅಲಕ್ಷ್ಯವೆಂದು ಬಗೆದು ಕೆಂಪು ಶಾಯಿಯಿಂದ ಅಡಿಗೆರೆ ಎಳೆದ ಮಾತ್ರಕ್ಕೆ ತಪ್ಪು ನಿಲ್ಲುವುದಿಲ್ಲ. ತಾನು ದಡ್ಡನೆಂಬ ಭಾವನೆ ಮಾತ್ರ ವಿದ್ಯಾರ್ಥಿಯಲ್ಲಿ ಬೇರೂರುತ್ತದೆ. ಈ ತಪ್ಪುಗಳ ಮೂಲವನ್ನು ಎರಡು ಭಾಷೆಗಳ ರಚನೆಯ ಅಂತರದಲ್ಲಿ ಅರಸಬೇಕು.

‘ಕೃಷ್ಣೆಯು ಕಾವೇರಿಗಿಂತ ಉದ್ದ’ ಎನ್ನುವಾಗ ಕನ್ನಡದಲ್ಲಿ ‘ಉದ್ದ’ ಎಂಬ ಗುಣವಾಚಕವು ಯಾವ ವಿಕಾರವನ್ನೂ ಹೊಂದುವುದಿಲ್ಲ. ಹೋಲಿಕೆಯ ಭಾರವೆಲ್ಲ ‘ಕಾವೇರಿ’ಗೆ ಹತ್ತಿದ ‘ಗಿಂತ’ ಎಂಬ ಪ್ರತ್ಯಯದ ಮೇಲಿದೆ. ಇಂಗ್ಲಿಷಿನಲ್ಲಿ ‘ದ್ಯಾನ್’ ಒಂದೇ ಸಾಲದು. ಗುಣವಾಚಕವೂ ರೂಪ ಬದಲಿಸಿ ‘ಲಾಂಗರ್’ ಆಗಲೇಬೇಕು. ಕನ್ನಡದ ಬಾಲಕನು ‘ಗಿಂತ’ಕ್ಕೆ ‘ದ್ಯಾನ್’ ಇಟ್ಟು ಕೆಲಸ ಮುಗಿಯಿತೆಂದು ತಿಳಿಯುವುದು ಸಹಜವೇ ಆಗಿದೆ. ಅಂತೆಯೇ ‘ಹೆಚ್ಚು ಉದ್ದ’ ಎಂಬ ರೂಢಿಯ ಮಾತು ‘ಮೋರ್ ಲಾಂಗರ್’ ಎಂಬುದಕ್ಕೆ ದಾರಿಮಾಡುತ್ತದೆ.

ರೂಪಗಳ ನಿಯಮ ಸರಳವಾದುದು. ಒಂದೇ ಉಚ್ಚಾರಾಂಶದ ಪದಗಳಿಗೆ ‘ಅರ್’, ‘ಎಸ್ಟ್’ ಪ್ರತ್ಯಯಗಳು ಹತ್ತುತ್ತವೆ: ಟಾಲ್, ಟಾಲರ್, ಟಾಲೆಸ್ಟ್. ‘ಬಿಗ್’ ಮೊದಲಾದ ಪದಗಳಲ್ಲಿ ಕೊನೆಯ ವ್ಯಂಜನವನ್ನು ಎರಡು ಸಲ ಬರೆಯಬೇಕು. ‘ಹ್ಯಾಪಿ’ಯಂತೆ ‘ವೈ’ ಅಕ್ಷರದಿಂದ ಮುಗಿಯುವ ಪದಗಳಲ್ಲಿ ಅದು ‘ಐ’ ಅಕ್ಷರವಾಗುತ್ತದೆ. ‘ಬ್ಯೂಟಿಫುಲ್’ನಂಥ ದೀರ್ಘಪದಗಳ ಹಿಂದೆ ‘ಮೋರ್’, ‘ಮೋಸ್ಟ್’ ಬರುತ್ತವೆ. ಪ್ರತ್ಯಯ ಇಲ್ಲವೆ ‘ಮೋರ್’, ಎರಡರಲ್ಲಿ ಒಂದೇ ಸಾಕು. ಷೇಕ್ಸ್‌ಪಿಯರನ ನಾಟಕಗಳಲ್ಲಿ ಎರಡನ್ನೂ ಒಟ್ಟಿಗೆ ಬಳಸಿದ ಪ್ರಯೋಗಗಳುಂಟು. 1762ರಲ್ಲಿ ಪ್ರಕಟವಾದ ತಮ್ಮ ವ್ಯಾಕರಣದಲ್ಲಿ ರಾಬರ್ಟ್ ಲೌತ್ ಅವರು ಇಂಥ ಇಮ್ಮಡಿ ರೂಪಗಳು ಅಸಾಧುವೆಂದರು. ಇಂದಿನ ಶಿಷ್ಟ ಬರವಣಿಗೆಯೂ ಅವನ್ನು ಒಪ್ಪುವುದಿಲ್ಲ.

‘ಗುಡ್, ಬೆಟರ್, ಬೆಸ್ಟ್’ ಎಂಬಲ್ಲಿ ಮೂಲಪದವೇ ಬದಲಾಗುವುದನ್ನು ಕಂಡು ವಿದ್ಯಾರ್ಥಿಗಳು ಬೆರಗಾಗುತ್ತಾರೆ. ಸಂಸ್ಕೃತ ಬಲ್ಲವರಿಗೆ ಇದು ಹೊಸದಲ್ಲ. ‘ಪ್ರಶಸ್ಯ’ ಶಬ್ದಕ್ಕೆ ‘ಶ್ರೇಯಸ್’, ‘ಶ್ರೇಷ್ಠ’ ಎಂಬ ರೂಪಗಳನ್ನು ಪಾಣಿನಿಯು ವಿಧಿಸಿದ್ದಾನೆ. ಅಷ್ಟೇ ಅಲ್ಲ, ಜ್ಯೇಷ್ಠ, ಕನಿಷ್ಠ, ಶ್ರೇಷ್ಠ ಎಂಬಲ್ಲಿಯ ‘ಇಷ್ಠ’ ಪ್ರತ್ಯಯವೂ ಇಂಗ್ಲಿಷಿನ ‘ಎಸ್ಟ್’ ಪ್ರತ್ಯಯವೂ ಒಂದೇ ಮೂಲದವೆಂದು ಭಾಷಾಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ‘ಶ್ರೇಷ್ಠ’ ಎಂದರೇ ಅತ್ಯುತ್ತಮವೆಂದಿದ್ದರೂ ಕನ್ನಡಿಗರು ‘ಅತ್ಯಂತ ಶ್ರೇಷ್ಠ’ ಎನ್ನುತ್ತಾರೆ. ‘ಮೋರ್ ಲಾಂಗರ್’ ಎಂಬುದು ಇದೇ ಬಗೆಯ ಇಮ್ಮಡಿಯೆಂದು ತೋರಿಸಿದರೆ ನಿಯಮದ ಮರ್ಮವು ಬಾಲಕನಿಗೆ ಬೇಗ ಹೊಳೆಯುತ್ತದೆ.

ಪ್ರಯೋಗದಲ್ಲಿ ಇನ್ನೂ ಮೂರು ಸಂಗತಿಗಳು ಗಮನಾರ್ಹ. ಕನ್ನಡದಲ್ಲಿ ‘ಇಬ್ಬರಲ್ಲಿ ಹಿರಿಯ’, ‘ಮೂವರಲ್ಲಿ ಹಿರಿಯ’ ಎಂಬೆರಡಕ್ಕೂ ಒಂದೇ ಪದ ಸಲ್ಲುತ್ತದೆ. ಶಿಷ್ಟ ಇಂಗ್ಲಿಷಿನಲ್ಲಿ ಇಬ್ಬರಿಗೆ ‘ದಿ ಎಲ್ಡರ್’, ಮೂವರಿಗೆ ‘ದಿ ಎಲ್ಡೆಸ್ಟ್’ ಎನ್ನಬೇಕು. ಎರಡನೆಯದಾಗಿ, ‘ಎವರೆಸ್ಟ್ ಎಲ್ಲ ಪರ್ವತಗಳಿಗಿಂತ ಎತ್ತರ’ ಎಂಬುದು ಕನ್ನಡದಲ್ಲಿ ಸರಿಯಾದ ಮಾತು. ಇಂಗ್ಲಿಷಿನಲ್ಲಿ ‘ಹೈಯರ್ ದ್ಯಾನ್ ಆಲ್ ಅದರ್ ಮೌಂಟನ್ಸ್’ ಎಂದು ‘ಅದರ್’ ಸೇರಿಸುವುದು ಯುಕ್ತ. ಎವರೆಸ್ಟೂ ಒಂದು ಪರ್ವತವೇ ಆದುದರಿಂದ ಅದು ತನಗಿಂತ ತಾನೇ ಎತ್ತರವಾಗಲಾರದು. ಇಲ್ಲವೆ ‘ದಿ ಹೈಯೆಸ್ಟ್’ ಎಂದರಾಯಿತು. ಮೂರನೆಯದಾಗಿ, ಲ್ಯಾಟಿನ್ನಿನಿಂದ ಬಂದ ಸೀನಿಯರ್, ಜೂನಿಯರ್, ಸುಪೀರಿಯರ್, ಇನ್ಫೀರಿಯರ್ ಎಂಬ ಪದಗಳ ಮುಂದೆ ‘ದ್ಯಾನ್’ ಬಾರದೆ ‘ಟು’ ಬರುತ್ತದೆ. ಕನ್ನಡದ ‘ಗಿಂತ’ದಲ್ಲಿಯೂ ಚತುರ್ಥಿಯ ‘ಗೆ’ ಅಡಗಿರುವುದನ್ನು ನೆನಪಿಗೆ ತಂದರೆ ಈ ‘ಟು’ ಪರಕೀಯವೆನಿಸದು.

ಪರಭಾಷೆಯ ವ್ಯಾಕರಣವನ್ನು ಕಲಿಸುವವರಿಗೆ ಮಾತೃಭಾಷೆಯ ವ್ಯಾಕರಣದ ಅರಿವು ಅತ್ಯಗತ್ಯವೆಂಬುದು ಇದರಿಂದ ವಿದಿತವಾಗುತ್ತದೆ. ‘ಟಾಲ್, ಟಾಲರ್, ಟಾಲೆಸ್ಟ್’ ಎಂದು ನೂರು ಸಲ ಬಾಯಿಪಾಠ ಮಾಡಿಸುವ ಮೊದಲು ‘ಗಿಂತ’ ಎಂಬ ಪುಟ್ಟ ಪ್ರತ್ಯಯದ ಕೆಲಸವನ್ನು ಕರಿಹಲಗೆಯ ಮೇಲೆ ಒಮ್ಮೆ ಬಿಡಿಸಿ ತೋರಿಸಿದರೆ, ತಾನು ಎಲ್ಲಿ ಎಡವುತ್ತಿರುವೆನೆಂಬುದನ್ನು ವಿದ್ಯಾರ್ಥಿಯು ತಾನೇ ಕಂಡುಕೊಂಡು ತಿದ್ದಿಕೊಳ್ಳಬಲ್ಲನು.