ಜೋಡಿ ಹಾಕುವುದು ನಾವಲ್ಲ, ಮೀನುಗಳೇ!

‘ರಾಮ್’ ಎಂಬ ಹೆಸರು ಕೇಳಿದ್ದೇ ತಡ, ನಮ್ಮ ಮನೆಯಾಕೆ ಕರಗಿಹೋದಳು. ‘ರಾಮ ಅಂತ ಹೆಸರಿದ್ದರೆ ಮನೆಗೆ ಬರಲಿ ಬಿಡಿ’ ಎಂದು ಒಪ್ಪಿಗೆ ಸಿಕ್ಕಿತು. ಐದನೇ ತರಗತಿಯ ಮೊಮ್ಮಗಳು ಜಾಣೆ, ಆಗ ನಿಜ ಬಾಯಿಬಿಡಲಿಲ್ಲ. ಈ ಮೀನಿಗೂ ಅಯೋಧ್ಯೆಗೂ ಯಾವ ನಂಟೂ ಇಲ್ಲ. ಇದು ದಕ್ಷಿಣ ಅಮೆರಿಕದ್ದು. ವೆನಿಜುವೆಲಾ ಮತ್ತು ಕೊಲಂಬಿಯಾದಲ್ಲಿ ಹರಿಯುವ ಒರಿನೋಕೊ ನದಿಯ ಬಯಲು ಇದರ ತವರು. ಅಲಂಕಾರದ ಮೀನುಗಳನ್ನು ಹಿಡಿದು ಮಾರುತ್ತಿದ್ದ ರಮಿರೇಜ್ ಎಂಬಾತನ ಹೆಸರನ್ನು ವಿಜ್ಞಾನಿಗಳು 1948ರಲ್ಲಿ ಇದಕ್ಕೆ ಇಟ್ಟರು. ರಮಿರೇಜ್ ಸವೆದು ಸವೆದು ರಾಮ್ ಆಯಿತು.

ಐದಾರು ಸೆಂಟಿಮೀಟರ್ ಉದ್ದದ ಪುಟ್ಟ ಮೀನು. ಹಳದಿ ಮೈ, ಅದರ ಮೇಲೆ ನೀಲಿ ಮಿನುಗು, ಕಣ್ಣಿನ ಮೇಲಿಂದ ಕೆಳಗೆ ಕಾಡಿಗೆ ಎಳೆದಂಥ ಕಪ್ಪು ಪಟ್ಟೆ. ಸಿಕ್ಲಿಡ್ ಎಂಬ ದೊಡ್ಡ ಕುಟುಂಬಕ್ಕೆ ಸೇರಿದ್ದು. ಈ ಕುಟುಂಬದ ಮೂರೇ ಮೂರು ಜಾತಿಗಳು ನಮ್ಮ ದೇಶದ ಮೂಲ ನಿವಾಸಿಗಳು. ಅವುಗಳಲ್ಲಿ ಒಂದಕ್ಕೆ ನಮ್ಮ ಕೆನರಾ ಸೀಮೆಯ ಹೆಸರೇ ಇದೆ, ಅಲ್ಲಿನ ನದಿಗಳಲ್ಲೇ ಅದರ ವಾಸ. ಗೋಲ್ಡ್ ಫಿಶ್ ಮೊಟ್ಟೆ ಚೆಲ್ಲಿ ತನ್ನ ದಾರಿ ಹಿಡಿಯುತ್ತದೆ. ರಾಮ್ ಹಾಗಲ್ಲ. ಅಪ್ಪ ಅಮ್ಮ ಇಬ್ಬರೂ ಸೇರಿ ಮರಿ ಸಾಕುತ್ತಾರೆ. ಅದನ್ನು ನೋಡಬೇಕೆಂದೇ ಮೊಮ್ಮಗಳ ಹಟ.

ಮೊದಲ ತಪ್ಪು ನನ್ನದೇ. ಅಂಗಡಿಯಲ್ಲಿ ‘ಒಂದು ಜೋಡಿ ಕೊಡಿ’ ಎಂದೆ. ಒಂದು ಗಂಡು, ಒಂದು ಹೆಣ್ಣು ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಬಂದವು. ಮನೆಗೆ ಬಂದ ಮೂರನೇ ದಿನಕ್ಕೆ ಗಂಡು ಹೆಣ್ಣನ್ನು ಮೂಲೆಗೆ ಅಟ್ಟಿತು. ಅದರ ರೆಕ್ಕೆಯೆಲ್ಲ ಚಿಂದಿ. ಬೇರೆ ತೊಟ್ಟಿಗೆ ಬಿಟ್ಟೆವು, ಆದರೂ ಉಳಿಯಲಿಲ್ಲ. ಪಾಪ, ಹುಡುಗಿ ಎರಡು ದಿನ ತೊಟ್ಟಿಯ ಹತ್ತಿರ ಸುಳಿಯಲಿಲ್ಲ.

ಆಮೇಲೆ ತಿಳಿಯಿತು, ಗಂಡು ಹೆಣ್ಣು ಎರಡನ್ನು ತಂದು ಬಿಟ್ಟ ಮಾತ್ರಕ್ಕೆ ಜೋಡಿಯಾಗುವುದಿಲ್ಲ. ಚಿಕ್ಕ ಪ್ರಾಯದ ಆರು ಮೀನುಗಳನ್ನು ಒಟ್ಟಿಗೆ ತಂದು ಬೆಳೆಸಬೇಕು. ಅವುಗಳಲ್ಲಿ ಎರಡು ತಾವಾಗಿಯೇ ಒಂದನ್ನೊಂದು ಆರಿಸಿಕೊಳ್ಳುತ್ತವೆ. ಒಂದು ಮೂಲೆ ಹಿಡಿದು, ಮಿಕ್ಕವನ್ನು ಓಡಿಸತೊಡಗುತ್ತವೆ. ಆಗ ಮಿಕ್ಕವನ್ನು ಬೇರೆ ಮಾಡಬೇಕು. ಗುರುತು ಹಿಡಿಯುವುದೂ ಕಷ್ಟವಲ್ಲ. ಹೆಣ್ಣಿನ ಹೊಟ್ಟೆ ಗುಲಾಬಿ, ಮೈ ನಡುವಿನ ಕಪ್ಪು ಚುಕ್ಕೆಯೊಳಗೂ ನೀಲಿ ಮಿನುಗಿರುತ್ತದೆ. ಗಂಡಿನ ಬೆನ್ನಿನ ರೆಕ್ಕೆಯ ಮುಂದಿನ ಕಡ್ಡಿಗಳು ಉದ್ದ. ಅಂಗಡಿಯಲ್ಲಿ ಅತಿ ಎನಿಸುವಷ್ಟು ಬಣ್ಣ ತುಂಬಿದ ಮರಿ ಕಂಡರೆ ಮಾತ್ರ ನನಗೆ ಅನುಮಾನ. ಬಣ್ಣಕ್ಕಾಗಿ ಹಾರ್ಮೋನ್ ಕೊಟ್ಟು ಬೆಳೆಸುವವರೂ ಇದ್ದಾರೆ.

ನಮ್ಮ ಆರರಲ್ಲಿ ಜೋಡಿಯೊಂದು ಹೊರಬಂತು. ಎರಡಡಿ ಉದ್ದದ ತೊಟ್ಟಿ, ಸಣ್ಣ ಮರಳು, ಒಂದಷ್ಟು ಗಿಡ, ನಡುವೆ ಒಂದು ಚಪ್ಪಟೆ ಕಲ್ಲು. ಫಿಲ್ಟರ್ ಸ್ಪಂಜಿನದು, ಮರಿಗಳನ್ನು ಎಳೆದುಕೊಳ್ಳುವುದಿಲ್ಲ. ಹೀಟರ್ 28 ಡಿಗ್ರಿಗೆ. ತುಮಕೂರಿನ ಡಿಸೆಂಬರ್ ಚಳಿಯಲ್ಲಿ ಕರೆಂಟ್ ಹೋದರೆ ತೊಟ್ಟಿಗೆ ಕಂಬಳಿ ಹೊದಿಸುತ್ತಿದ್ದೆವು.

ಒಂದು ಭಾನುವಾರ ಎರಡೂ ಸೇರಿ ಬಾಯಿಂದ ಕಲ್ಲು ಉಜ್ಜತೊಡಗಿದವು. ಸಂಜೆಗೆ ಹೆಣ್ಣು ಸಾಲುಸಾಲಾಗಿ ಮೊಟ್ಟೆ ಅಂಟಿಸುತ್ತ ಹೋಯಿತು, ಗಂಡು ಹಿಂದೆಯೇ. ನೂರಕ್ಕೂ ಹೆಚ್ಚು ಮೊಟ್ಟೆ! ಅಕ್ಕಪಕ್ಕದವರೆಲ್ಲ ಬಂದರು, ಮೊಬೈಲ್ ಟಾರ್ಚ್ ಹಾಕಿ ನೋಡಿದರು, ಗಾಜು ತಟ್ಟಿದರು. ಬೆಳಿಗ್ಗೆ ಕಲ್ಲು ಬರಿದು.

‘ತಾತ, ಅಮ್ಮನೇ ತಿಂದುಬಿಟ್ಟಿದೆ! ಇದು ಕೆಟ್ಟ ಅಮ್ಮ, ವಾಪಸ್ ಕೊಟ್ಟುಬಿಡು’ ಎಂದು ಅತ್ತಳು.

ಕೆಟ್ಟ ಅಮ್ಮ ಅಲ್ಲ ಪುಟ್ಟಿ, ಹೆದರಿದ ಅಮ್ಮ ಎಂದೆ. ಚೊಚ್ಚಲ ಮೊಟ್ಟೆಗಳನ್ನು ರಾಮ್ ತಿನ್ನುವುದು ತೀರಾ ಸಾಮಾನ್ಯ. ಅಭ್ಯಾಸವಿಲ್ಲ, ಸುತ್ತ ಗಲಾಟೆ ಬೇರೆ. ಮೊಟ್ಟೆ ಉಳಿಯುವ ಭರವಸೆ ಹೋದರೆ ತಿಂದು, ಆ ಶಕ್ತಿಯನ್ನು ಮುಂದಿನ ಸರದಿಗೆ ಉಳಿಸಿಕೊಳ್ಳುತ್ತವೆ. ಎರಡು ವಾರ ಬಿಟ್ಟು ಮತ್ತೆ ಮೊಟ್ಟೆ ಇಟ್ಟವು. ಈ ಸಲ ಯಾರನ್ನೂ ಕರೆಯಲಿಲ್ಲ. ಆದರೂ ಮೊಟ್ಟೆಗಳು ಒಂದೊಂದಾಗಿ ಬೆಳ್ಳಗಾಗಿ ಬೂಸ್ಟು ಹಿಡಿದವು.

ಈಗ ತಪ್ಪಿದ್ದದ್ದು ನೀರಿನಲ್ಲಿ. ರಾಮ್ ಮೆದು ನೀರಿನ ಮೀನು. ನಮ್ಮ ಬೋರ್‌ವೆಲ್ ನೀರಿಗೆ ಟಿಡಿಎಸ್ ಮೀಟರ್ ಅದ್ದಿದರೆ 800! ಅಷ್ಟು ಗಡಸು ನೀರಿನಲ್ಲಿ ಮೀನು ಬದುಕಬಹುದು, ಮೊಟ್ಟೆ ಬಲಿಯುವುದು ಕಷ್ಟ. ಐದು ಬಿಂದಿಗೆ ಆರ್‌ಓ ನೀರಿಗೆ ಒಂದು ಬಿಂದಿಗೆ ಬೋರ್ ನೀರು ಬೆರೆಸಿದಾಗ ಮೀಟರ್ 170ರ ಆಸುಪಾಸಿಗೆ ಇಳಿಯಿತು. ಒಂದೇ ದಿನದಲ್ಲಿ ನೀರು ಬದಲಿಸಿದರೆ ಮೀನಿಗೆ ಆಘಾತ. ಅದಕ್ಕೇ ದಿನವೂ ಸ್ವಲ್ಪ ಸ್ವಲ್ಪವಾಗಿ, ಮೂರು ವಾರ ಹಿಡಿಯಿತು. ಆರ್‌ಓ ಯಂತ್ರ ಹೊರಹಾಕುವ ನೀರನ್ನು ನಮ್ಮಾಕೆ ನೆಲ ಒರೆಸಲು ಹಿಡಿದಿಟ್ಟಳು. ಇಲ್ಲದಿದ್ದರೆ ಮನೆಯಲ್ಲಿ ಶಾಂತಿ ಇರುತ್ತಿರಲಿಲ್ಲ.

ಅಷ್ಟಾದರೂ ಮೂರನೇ ಸಲದ್ದನ್ನೂ ತಿಂದವು! ಮೊಟ್ಟೆಯನ್ನು ಬೇರೆ ತೊಟ್ಟಿಗೆ ತೆಗೆದಿಡೋಣ ಎಂದಳು ಮೊಮ್ಮಗಳು. ಹಾಗೂ ಮರಿ ಮಾಡಬಹುದು, ಎಷ್ಟೋ ಜನ ಮಾಡುತ್ತಾರೆ. ಆದರೆ ಆಗ ಅಪ್ಪ ಅಮ್ಮನ ಕೆಲಸ ನೋಡಲು ಸಿಗುವುದಿಲ್ಲವಲ್ಲ? ಇನ್ನೊಂದು ಸಲ ನೋಡೋಣ ಎಂದು ಒಪ್ಪಿಸಿದೆ. ಮೀನುಗಳಿಗೆ ಕಾವಲು ಕಾಯಲು ಬೆಳಕಿರಲಿ ಎಂದು ರಾತ್ರಿ ಪಕ್ಕದಲ್ಲಿ ಮಂದ ದೀಪ ಇಟ್ಟೆವು. ತೊಟ್ಟಿಯ ಮೂರು ಬದಿಗೆ ಹಳೇ ಕ್ಯಾಲೆಂಡರ್ ಹಾಳೆ ಅಂಟಿಸಿದೆವು.

ನಾಲ್ಕನೇ ಸಲ ಹೆಣ್ಣು ಕಲ್ಲು ಬಿಟ್ಟು ಕದಲಲಿಲ್ಲ. ರೆಕ್ಕೆಯಿಂದ ಬೀಸಣಿಗೆಯಂತೆ ನೀರು ಬೀಸುತ್ತಿತ್ತು, ಬೆಳ್ಳಗಾದ ಮೊಟ್ಟೆಯನ್ನಷ್ಟೇ ಆರಿಸಿ ತೆಗೆಯುತ್ತಿತ್ತು. ಅದು ತಿನ್ನಲು ಹೋದಾಗ ಗಂಡಿನ ಸರದಿ. ಎರಡು ದಿನಕ್ಕೆ ಮೊಟ್ಟೆ ಒಡೆದು ಬಾಲವಷ್ಟೇ ಆಡಿಸುವ ಎಳೆಮರಿಗಳಾದವು. ಅವನ್ನು ಬಾಯಲ್ಲಿ ಕಚ್ಚಿಕೊಂಡು ಮರಳಿನ ಗುಳಿಗೆ ಸಾಗಿಸಿದವು. ‘ತಾತ, ಮತ್ತೆ ತಿಂತಿದೆ!’ ಎಂದು ಮೊಮ್ಮಗಳು ಚೀರಿದಳು. ಮರುಕ್ಷಣ ಗುಳಿಯೊಳಗೆ ಉಗುಳಿದ್ದು ಕಂಡು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

ಐದು ದಿನ ಕಳೆದು ಮರಿಗಳು ಈಜಿದವು, ಮೋಡದ ತುಣುಕಿನಂತೆ ಒಟ್ಟಾಗಿ, ಅಪ್ಪ ಅಮ್ಮನ ನಡುವೆ. ಆಗ ಊಟ ಸಿದ್ಧವಿರಬೇಕು. ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಕಲ್ಲುಪ್ಪು ಹಾಕಿ, ಗಾಳಿ ಕೊಳವೆ ಬಿಟ್ಟು, ಆರ್ಟೀಮಿಯಾ ಮೊಟ್ಟೆ ಹಾಕಿದರೆ ಒಂದೂವರೆ ದಿನದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸಿಗಡಿಗಳು. ಉಪ್ಪುನೀರು ಸೋಸಿ, ದಿನಕ್ಕೆ ಮೂರು ಸಲ ಚೂರು ಚೂರು ಹಾಕಿದೆವು. ಮಿಕ್ಕ ಆಹಾರ ಕೊಳೆತರೆ ಮರಿಗಳು ಸಾಯುತ್ತವೆ, ನಮ್ಮಲ್ಲೂ ಸತ್ತವು. ಕೊನೆಗೆ ಉಳಿದದ್ದು 27.

ಮೂರು ವಾರದ ಬಳಿಕ ಜೋಡಿ ಮತ್ತೆ ಕಲ್ಲು ಉಜ್ಜತೊಡಗಿ, ಮರಿಗಳನ್ನೇ ಅಟ್ಟಿತು. ಮರಿಗಳನ್ನು ಬೇರೆ ತೊಟ್ಟಿಗೆ ಹಾಕಿದೆವು. ಹೆಚ್ಚಾದರೆ ಅಮಾನಿಕೆರೆಗೆ ಬಿಡಿ ಎಂದರು ಪಕ್ಕದ ಮನೆಯವರು. ಅದು ಮಾತ್ರ ಬೇಡ ಎಂದೆ. ಆಫ್ರಿಕಾದ ತಿಲಾಪಿಯಾ ಹೀಗೆ ಹೊರಗಿನಿಂದ ಬಂದು ನಮ್ಮ ಎಷ್ಟು ಕೆರೆ ತುಂಬಿಕೊಂಡಿಲ್ಲ!

ಈಗ ತರಗತಿಯ ಗೆಳತಿಯರು ಮರಿ ಕೇಳಲು ಬರುತ್ತಾರೆ. ‘ಒಂದು ಜೋಡಿ ಕೊಡೇ’ ಅಂದರೆ ನಮ್ಮ ಹುಡುಗಿ ಒಪ್ಪುವುದಿಲ್ಲ. ತೊಟ್ಟಿ, ಹೀಟರ್ ಇದೆಯಾ ಎಂದು ಮೊದಲು ವಿಚಾರಣೆ. ಇದೆ ಎಂದವರಿಗೆ ಎಣಿಸಿ ಆರು ಮರಿ.