ಕಿಡ್ನಿಗೆ ಮದ್ದು ಹಿಡಿಯಿತೇ?

‘24 ಗಂಟೆ ಯೂರಿನ್ ಪ್ರೋಟೀನ್’ ಎಂದು ಬರೆದ ಚೀಟಿಯನ್ನು ಎನ್.ಆರ್. ಕಾಲೋನಿಯ ಲ್ಯಾಬಿನಲ್ಲಿ ಕೊಟ್ಟರೆ ಕೈಗೆ ಬರುವುದು ದೊಡ್ಡದೊಂದು ಪ್ಲಾಸ್ಟಿಕ್ ಕ್ಯಾನು. ಬೆಳಗಿನ ಮೊದಲ ಮೂತ್ರವನ್ನು ಬಿಟ್ಟು, ಆಮೇಲಿನದೆಲ್ಲವನ್ನೂ ಮರುದಿನ ಬೆಳಗಿನ ಮೊದಲ ಮೂತ್ರದ ಸಮೇತ ಅದರಲ್ಲಿ ಹಿಡಿಯಬೇಕು. ಮುಜುಗರದ ಕೆಲಸವೇ. ಆದರೆ ಲೈಟ್ ಚೈನ್ ರೋಗಗಳಲ್ಲಿ ಚಿಕಿತ್ಸೆ ಕಿಡ್ನಿಗೆ ತಾಗಿತೋ ಇಲ್ಲವೋ ಎಂಬುದು ತಿಳಿಯುವುದು ಈ ಕ್ಯಾನಿನಿಂದ.

ನಮ್ಮ ರಕ್ತದ ಪ್ರತಿಕಾಯಗಳಲ್ಲಿ ‘ಹೆವಿ’ ಮತ್ತು ‘ಲೈಟ್’ ಎಂಬ ಪ್ರೋಟೀನ್ ಸರಪಣಿಗಳಿವೆ. ಅಸ್ಥಿಮಜ್ಜೆಯ ಪ್ಲಾಸ್ಮಾ ಕೋಶಗಳ ಒಂದು ಸಂತತಿ ಹದ್ದುಮೀರಿ ಬೆಳೆದು, ದೋಷವುಳ್ಳ ಲೈಟ್ ಚೈನನ್ನೇ ಸುರಿಯತೊಡಗಿದರೆ ಅದು ಅಂಗಾಂಗಗಳಲ್ಲಿ ಶೇಖರವಾಗುತ್ತದೆ. ಎಳೆಎಳೆಯಾಗಿ ಕೂತರೆ ಎಎಲ್ ಅಮಿಲಾಯ್ಡೋಸಿಸ್. ಕಣಕಣವಾಗಿ ಕೂತರೆ ಲೈಟ್ ಚೈನ್ ಡೆಪೊಸಿಷನ್ ರೋಗ. ಎರಡರಲ್ಲೂ ಕಿಡ್ನಿಯ ಜಾಲರಿ ಕೆಟ್ಟು ಪ್ರೋಟೀನ್ ಸೋರುತ್ತದೆ.

ಬಿಸಿ ಮಾಡಿದರೆ ಹೆಪ್ಪುಗಟ್ಟಿ, ಕುದಿಸಿದರೆ ಮತ್ತೆ ಕರಗುವ ವಿಚಿತ್ರ ಪ್ರೋಟೀನೊಂದನ್ನು ರೋಗಿಯ ಮೂತ್ರದಲ್ಲಿ ಕಂಡು 1847ರಲ್ಲಿ ವರದಿ ಮಾಡಿದವನು ಲಂಡನ್ನಿನ ವೈದ್ಯ ಹೆನ್ರಿ ಬೆನ್ಸ್ ಜೋನ್ಸ್. ಅದು ಲೈಟ್ ಚೈನೇ ಎಂದು ಎಡೆಲ್ಮನ್ ಮತ್ತು ಗ್ಯಾಲಿ ತೋರಿಸಿದ್ದು 1962ರಲ್ಲಿ. ಈಗ ರಕ್ತದಲ್ಲಿನ ಬಿಡಿ ಲೈಟ್ ಚೈನನ್ನೇ ಅಳೆಯಬಹುದು.

ಬೋರ್ಟೆಜೊಮಿಬ್, ಡಾರಾಟುಮುಮಾಬ್‌ನಂಥ ಮದ್ದುಗಳ ಗುರಿ ಕಿಡ್ನಿಯಲ್ಲ, ಆ ಪ್ಲಾಸ್ಮಾ ಕೋಶಗಳು. ಆದ್ದರಿಂದ ಮೊದಲು ಬದಲಾಗುವುದು ರಕ್ತದ ಅಂಕಿ, ಕೆಲವೇ ವಾರಗಳಲ್ಲಿ. ಕಿಡ್ನಿ ಅಷ್ಟು ಬೇಗ ಓಗೊಡುವುದಿಲ್ಲ. ನಲ್ಲಿ ನಿಲ್ಲಿಸಿದೊಡನೆ ನೆಲ ಒಣಗುವುದುಂಟೇ? ಕೂತ ಪ್ರೋಟೀನ್ ಅಲ್ಲೇ ಇರುತ್ತದೆ. ಚೇತರಿಕೆಗೆ ಆರು ತಿಂಗಳು, ವರ್ಷವೂ ಹಿಡಿಯಬಹುದು. ಪದೇಪದೇ ಬಯಾಪ್ಸಿ ಮಾಡುವಂತಿಲ್ಲ. ಹಾಗಾಗಿ ಅಳತೆಗೆ ಒದಗುವುದು ಮೂತ್ರ.

ಎಎಲ್ ಅಮಿಲಾಯ್ಡೋಸಿಸ್‌ಗೆ 2014ರಲ್ಲಿ ಪಲ್ಲಾಡಿನಿ ಮತ್ತು ಸಂಗಡಿಗರು ಪ್ರಕಟಿಸಿದ ಮಾನದಂಡ ಹೀಗಿದೆ: ಮೂತ್ರದ ಪ್ರೋಟೀನ್ ಕನಿಷ್ಠ ಶೇ. 30ರಷ್ಟು ಇಳಿಯಬೇಕು, ಇಲ್ಲವೇ ದಿನಕ್ಕೆ 0.5 ಗ್ರಾಂಗಿಂತ ಕೆಳಗೆ ಬರಬೇಕು. ಜತೆಗೆ, ಕಿಡ್ನಿ ಸೋಸುವ ವೇಗದ ಅಂದಾಜಾದ ಇಜಿಎಫ್‌ಆರ್ ಶೇ. 25 ಅಥವಾ ಹೆಚ್ಚು ಕುಸಿದಿರಬಾರದು.

ಎರಡನೆಯ ಷರತ್ತೇಕೆ? ಇಬ್ಬರು ರೋಗಿಗಳನ್ನು ಊಹಿಸಿಕೊಳ್ಳಿ. ಇಬ್ಬರಿಗೂ ಪ್ರೋಟೀನ್ 6 ಗ್ರಾಂನಿಂದ 4ಕ್ಕೆ ಇಳಿದಿದೆ. ಒಬ್ಬರ ಇಜಿಎಫ್‌ಆರ್ 60ರಿಂದ 56ಕ್ಕೆ ಬಂದಿದೆ, ಮದ್ದು ಹಿಡಿದಿದೆ. ಇನ್ನೊಬ್ಬರದು 60ರಿಂದ 42ಕ್ಕೆ ಬಿದ್ದಿದೆ. ಅವರ ಸೋರಿಕೆ ತಗ್ಗಿರುವುದು ಜಾಲರಿ ಸುಧಾರಿಸಿದ್ದರಿಂದಲ್ಲ, ಸೋಸುವ ಶಕ್ತಿಯೇ ಉಡುಗಿದ್ದರಿಂದ ಇರಬಹುದು. ಬಿಪಿಗೆ ಕೊಡುವ ಕೆಲವು ಮಾತ್ರೆಗಳೂ ಪ್ರೋಟೀನ್ ಸೋರಿಕೆಯನ್ನು ತಗ್ಗಿಸುತ್ತವೆ ಎಂಬುದನ್ನು ವೈದ್ಯರು ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಲೈಟ್ ಚೈನ್ ಡೆಪೊಸಿಷನ್ ರೋಗದಲ್ಲಂತೂ ಕಿಡ್ನಿಯ ಶಕ್ತಿ ಬೇಗ ಕುಂದುವುದರಿಂದ ಇಜಿಎಫ್‌ಆರ್‌ಗೆ ಇನ್ನೂ ಹೆಚ್ಚಿನ ತೂಕ.

ಮೂತ್ರದಲ್ಲಿ ನೊರೆ ನಿಲ್ಲದೆ ಬರುತ್ತಿದ್ದರೆ, ಕಾಲು ಊದಿದ್ದರೆ ಮೊದಲು ಸಾಮಾನ್ಯ ಮೂತ್ರಪರೀಕ್ಷೆ ಮಾಡಿಸಿ; ಸಕ್ಕರೆ ಕಾಯಿಲೆಯಂಥ ಪರಿಚಿತ ಕಾರಣಗಳೇ ಹೆಚ್ಚು. ಚಿಕಿತ್ಸೆಯಲ್ಲಿರುವವರು ಕ್ಯಾನು ಹಿಡಿದ ದಿನ ಒಂದು ಸಲ ಮರೆತರೂ ಲ್ಯಾಬಿನವರಿಗೆ ಹೇಳಿಬಿಡಿ. ವೈದ್ಯರ ಬಳಿ ಹೋಗುವಾಗ ಹಿಂದಿನ ರಿಪೋರ್ಟುಗಳೆಲ್ಲ ಫೈಲಿನಲ್ಲಿರಲಿ.